ಕೆರೆಯಲ್ಲಿ ಇಲ್ಲದ ನೀರು

ನಮ್ಮೂರ ಕೆರೆಯ ನೀರನ್ನು ನೀರುಗಂಟಿ ಪಿಳ್ಳಪ್ಪ ಕದ್ದು ಮಾರಲಿಲ್ಲ. ಯಾರೂ ಕದಿಯಲಿಲ್ಲ. ಆ ನೀರು ಕೆರೆಯಲ್ಲಿ ಇರಲೇ ಇಲ್ಲ. ಇದೆ ಎಂದು ಲೆಕ್ಕ ಹಾಕಿ, ಏರಿಯ ಮೇಲೆ ನಿಂತು ಊರಿಗೆಲ್ಲ ಹೇಳಿದವಳು ನಾನು. ಆ ಲೆಕ್ಕ ತಪ್ಪೆಂದು ನನಗೆ ತಿಳಿದಾಗ ಕಾಲ ಇನ್ನೂ ಮಿಂಚಿರಲಿಲ್ಲ, ಒಂದು ಮಾತು ಸಾಕಿತ್ತು — ಆ ಮಾತನ್ನು ಆಡದೆ ಸುಮ್ಮನಿದ್ದವಳೂ ನಾನೇ.

ಇದನ್ನು ಊರಿನವರ ಎದುರು ಒಮ್ಮೆ ಬಾಯಿಬಿಟ್ಟು ಹೇಳಿದ್ದೇನೆ. ಮತ್ತೆ ಬರೆಯುವುದೇಕೆ ಎಂದು ಕೇಳಬಹುದು. ನಾನು ಕೆಲಸದಿಂದ ನಿವೃತ್ತಳಾದ ದಿನ ಯಾರೋ ಭಾಷಣದಲ್ಲಿ ನನ್ನನ್ನು ಕೆರೆ ಉಳಿಸಿದ ಟೀಚರಮ್ಮ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿದ್ದ ಅರ್ಧ ಜನ ಆ ಕಾಲದಲ್ಲಿ ಹುಟ್ಟಿಯೇ ಇರಲಿಲ್ಲ. ಅವರಿಗೆ ತಲುಪಿರುವುದು ಕಥೆಯ ಕೊನೆಯ ಭಾಗ ಮಾತ್ರ, ಅದರಲ್ಲಿ ಪಿಳ್ಳಪ್ಪನವರ ಹೆಸರೇ ಇಲ್ಲ. ನಾನು ಎದ್ದು ಹೇಳಬೇಕಿತ್ತು. ಹೇಳಲಿಲ್ಲ — ಇನ್ನೊಮ್ಮೆ ಸುಮ್ಮನಾದೆ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ನಮ್ಮೂರು ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವೆ. ಅರ್ಧ ಊರು ಕನ್ನಡದಲ್ಲಿ ಮಾತು ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕೋಲಾರದಲ್ಲಿ ಗಣಿತ ಓದಿ, ಬಿ.ಎಡ್ ಮುಗಿಸಿ, ಪಕ್ಕದ ಊರಿನ ಹೈಸ್ಕೂಲಿಗೆ ಟೀಚರಾಗಿ ಬಂದೆ. ನಮ್ಮ ಒಕ್ಕಲು ಮನೆತನಗಳಲ್ಲಿ ಅಷ್ಟು ಓದಿದ ಹೆಣ್ಣು ಆಗ ನಾನೊಬ್ಬಳೇ. ಅಪ್ಪ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಇದನ್ನು ಹೇಳುತ್ತಿದ್ದರು. ನಾನೂ — ಒಳಗೊಳಗೇ — ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದೆ.

ಗಣಿತ ಪರೀಕ್ಷೆಗಷ್ಟೇ ಅಲ್ಲ, ಈ ನೆಲದ ಮೇಲೆ ಬದುಕುವುದಕ್ಕೆ ಬೇಕಾದದ್ದು ಎಂದು ನಾನು ನಂಬಿದ್ದೆ. ಈಗಲೂ ನಂಬಿದ್ದೇನೆ. ಮಳೆ ಎಷ್ಟು ಬಂತು, ಅದರಲ್ಲಿ ಎಷ್ಟು ಹರಿದು ಹೋಯಿತು, ಎಷ್ಟು ಇಂಗಿತು, ಬಿಸಿಲು ಎಷ್ಟನ್ನು ಎತ್ತಿಕೊಂಡು ಹೋಯಿತು — ಇವೆಲ್ಲ ಅಳೆಯಬಹುದಾದವು. ಅಳೆದರೆ ಮುಂದಿನ ಬೇಸಿಗೆಯನ್ನು ಈಗಲೇ ಕಾಣಬಹುದು. ಮಕ್ಕಳನ್ನು ಕೆರೆ, ಕಾಲುವೆ, ಬಾವಿ ಎಂದು ಸುತ್ತಿಸುತ್ತಿದ್ದೆ. ಹಗ್ಗ ಹಿಡಿಸುತ್ತಿದ್ದೆ, ಅಳೆಸುತ್ತಿದ್ದೆ.

ಆ ವರ್ಷ ಹಿಂಗಾರು ಚೆನ್ನಾಗಿತ್ತು. ಮೊದಲ ಬೆಳೆ ಕೊಯ್ಲಾದ ಮೇಲೂ ಕೆರೆಯಲ್ಲಿ ನೀರು ಹರಡಿಕೊಂಡು ನಿಂತಿತ್ತು. ಬೇಸಿಗೆಗೆ ಇನ್ನೊಂದು ಭತ್ತದ ಬೆಳೆ ಇಡಬಹುದೇ, ಇಲ್ಲ ಕಡಿಮೆ ನೀರಿನ ರಾಗಿ ಹಾಕಿ ಉಳಿದ ನೀರನ್ನು ಹಾಗೇ ಬಿಡಬೇಕೇ ಎಂದು ಊರಿನಲ್ಲಿ ಚರ್ಚೆ ಎದ್ದಿತು. ಊರಿನ ಹಿರಿಯರಾದ ದೊಡ್ಡಮನೆ ಚನ್ನರಾಯಪ್ಪನವರು ನಮ್ಮ ಮನೆಗೇ ಬಂದರು.

“ಸರೋಜಮ್ಮ, ಅದೇನೋ ಅಳೀತೀಯಂತೆ. ಕೆರೇಲಿ ಎಷ್ಟು ನೀರೈತೆ ಅಂತ ಹೇಳೋಕಾಯ್ತದಾ?”

“ಆಗುತ್ತೆ ಮಾವಾ” ಎಂದೆ. ಒಂದು ಕ್ಷಣವೂ ತಡೆಯಲಿಲ್ಲ.

ಮಕ್ಕಳೊಂದಿಗೆ ನೀರಿನ ಅಂಚಿನುದ್ದಕ್ಕೂ ನಡೆದು, ಹಗ್ಗ ಹಿಡಿದು, ಕೆರೆಯ ಮೈಯನ್ನು ತ್ರಿಕೋನಗಳಾಗಿ ಒಡೆದು ವಿಸ್ತಾರ ಕಂಡುಹಿಡಿದೆ. ತೂಬಿನ ಹತ್ತಿರ, ನೀರು ಎಲ್ಲಕ್ಕಿಂತ ಆಳವಾಗಿರುವ ಕಡೆ, ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ನೋಡಿದೆ. ಹಗ್ಗ ಹಿಡಿದವರು ಪಿಳ್ಳಪ್ಪ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವುದು ಅವರ ಮನೆತನದ ಕೆಲಸ. ಸುಗ್ಗಿಯಲ್ಲಿ ಪ್ರತಿ ಗದ್ದೆಯವರೂ ಅವರಿಗೆ ಭತ್ತ ಅಳೆದುಕೊಡುತ್ತಿದ್ದರು. ಅವರ ಬೀದಿ ಊರಿನಿಂದ ಸ್ವಲ್ಪ ಆಚೆಗಿತ್ತು. ವಯಸ್ಸಿನಲ್ಲಿ ಅವರು ಅಪ್ಪನ ಓರಗೆ. ಆದರೂ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ — ಎಲ್ಲರೂ ಕರೆಯುತ್ತಿದ್ದರು ಎನ್ನುವುದು ಸಮಜಾಯಿಷಿ ಅಲ್ಲ, ಆದರೆ ನಡೆದದ್ದು ಹಾಗೆ.

ವಿಸ್ತಾರವನ್ನು ಆಳದಿಂದ ಗುಣಿಸಿದೆ. ಕೆರೆ ಒಂದು ಕಡೆ ಆಳ, ಇನ್ನೊಂದು ಕಡೆ ಬರಬರುತ್ತಾ ತೆಳು. ಆದ್ದರಿಂದ ಬಂದದ್ದರಲ್ಲಿ ಅರ್ಧ ತೆಗೆದುಕೊಂಡೆ. ಬಿಸಿಲಿಗೆ ಇಷ್ಟು, ಇಂಗುವುದಕ್ಕೆ ಇಷ್ಟು ಎಂದು ಕಳೆದೆ. ಭತ್ತಕ್ಕೆ ಬೇಕಾದ ನೀರನ್ನು ಅದರ ಪಕ್ಕದಲ್ಲಿಟ್ಟೆ. ನೀರು ಸಾಕಾಗಿ, ಸ್ವಲ್ಪ ಮಿಕ್ಕಿತು.

ಏರಿಯ ಮೇಲೆ ಊರು ಸೇರಿತ್ತು. “ನೀರು ಸಾಕು. ಭತ್ತ ಇಡಬಹುದು” ಎಂದೆ. ರಾಗಿ ಸಾಕು ಎನ್ನುತ್ತಿದ್ದವರು ಕೂಡ ನನ್ನ ಕಾಗದದ ಅಂಕಿಗಳನ್ನು ನೋಡಿ ಸುಮ್ಮನಾದರು. ಪಿಳ್ಳಪ್ಪನನ್ನು ಯಾರೋ ಕೇಳಿದರು. “ನಾನೇನ್ ಹೇಳ್ಲಿ ಸ್ವಾಮಿ, ಓದ್ದೋರು ಹೇಳವ್ರೆ” ಎಂದರು. ಅಪ್ಪನ ಮುಖ ನೋಡಿದೆ. ಅಷ್ಟು ಸಂತೋಷದ ಮುಖವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಸಸಿಮಡಿಗಳಲ್ಲಿ ಭತ್ತದ ಮೊಳಕೆ ಹಸಿರಾಗುತ್ತಿದ್ದ ದಿನಗಳವು. ಗದ್ದೆಗಳನ್ನು ಇನ್ನೂ ಉಳುತ್ತಿದ್ದರು, ನಾಟಿ ಆಗಿರಲಿಲ್ಲ. ಸ್ಕೂಲಿನಲ್ಲಿ ಹತ್ತನೇ ತರಗತಿಗೆ ಶಂಕುವಿನ ಘನಫಲ ಹೇಳಿಕೊಡಬೇಕಿತ್ತು. ರಟ್ಟಿನಲ್ಲಿ ಒಂದು ಡಬ್ಬಿ ಮಾಡಿದ್ದೆ, ಅದರದೇ ಬಾಯಿ ಅದರದೇ ಎತ್ತರದ ಒಂದು ಶಂಕುವನ್ನೂ ಮಾಡಿದ್ದೆ. ಶಂಕುವನ್ನು ತಲೆಕೆಳಗಾಗಿ ಹಿಡಿದು ರಾಗಿ ತುಂಬಿ ಡಬ್ಬಿಗೆ ಸುರಿದೆ. ಮೂರು ಸಲ ಸುರಿದಾಗ ಡಬ್ಬಿ ತುಂಬಿತು. ಅಂದರೆ ಶಂಕು ಡಬ್ಬಿಯ ಮೂರನೇ ಒಂದು ಭಾಗ. ಮಕ್ಕಳಿಗೆ ಖುಷಿ. ನನ್ನ ಕೈಯಲ್ಲಿ ಖಾಲಿ ಶಂಕು — ಬಾಯಿ ಅಗಲ, ತಳ ಚೂಪು, ಸುತ್ತಲೂ ಇಳಿಜಾರು. ಅದನ್ನು ನೋಡುತ್ತಾ ನಿಂತವಳಿಗೆ ಕೆರೆ ಕಂಡಿತು.

ಕೆರೆ ಒಂದೇ ಕಡೆಗೆ ಇಳಿಯುವುದಿಲ್ಲ. ಮೂರು ಕಡೆಯಿಂದಲೂ ತೂಬಿನತ್ತ ಇಳಿಯುತ್ತದೆ. ಅಂಥದ್ದರಲ್ಲಿ ಅರ್ಧ ಹಿಡಿಯುವುದಿಲ್ಲ, ಹೆಚ್ಚೂಕಡಿಮೆ ಮೂರನೇ ಒಂದು ಭಾಗ ಹಿಡಿಯುತ್ತದೆ. ಊರಿಗೆ ನಾನು ಇದೆ ಎಂದು ಹೇಳಿದ ನೀರನ್ನು ಮೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಇರಲೇ ಇಲ್ಲ. ಗಣಿತದ ದೊಡ್ಡ ಸೂಕ್ಷ್ಮವೇನಲ್ಲ ಇದು. ಹತ್ತನೇ ತರಗತಿಯ ಪಾಠ. ನಾನೇ ಮಾಡುವ ಪಾಠ.

ಆ ಸಂಜೆ ಬಸ್ಸಿಳಿದು ನೇರವಾಗಿ ಚನ್ನರಾಯಪ್ಪನವರ ಮನೆಗೆ ಹೊರಟೆ. ಇದು ನಿಜ, ಹೊರಟಿದ್ದೆ. ಅವರ ಮನೆಯ ಜಗಲಿಯಲ್ಲಿ ಅಪ್ಪ ಕೂತಿದ್ದರು, ಇನ್ನೂ ಕೆಲವರಿದ್ದರು. ನನ್ನನ್ನು ಕಂಡು ಒಬ್ಬರು ಎದ್ದು ಜಾಗ ಬಿಟ್ಟರು — ಹೆಣ್ಣುಮಗಳು ಬಂದಳೆಂದಲ್ಲ, ಲೆಕ್ಕದವಳು ಬಂದಳೆಂದು. ನಾನು “ಅಪ್ಪಾ, ಅಮ್ಮ ಕರೀತಿದ್ದಾಳೆ” ಎಂದಷ್ಟೇ ಹೇಳಿ ತಿರುಗಿದೆ.

ನಾಳೆ ಹೇಳೋಣ ಎಂದುಕೊಂಡೆ. ಮತ್ತೆ, ಒಂದು ಬೇಸಿಗೆ ಮಳೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಲೆಕ್ಕದ ಟೀಚರಾಗಿ ಮೋಡದ ಮೇಲೆ ಭಾರ ಹಾಕಿದ್ದೆ. ನಾಟಿಯಾಯಿತು. ಸಾಲಾಗಿ ಬಗ್ಗಿ ಪೈರು ನೆಡುತ್ತಿದ್ದ ಹೆಂಗಸರು ನಾನು ಸ್ಕೂಲಿಗೆ ಹೋಗುವಾಗ ಕೂಗಿ ಮಾತಾಡಿಸಿದರು. ಕೈ ಬೀಸಿ ಮುಂದೆ ಹೋದೆ.

ಮಳೆ ಬರಲಿಲ್ಲ. ತೆನೆ ಹೊರಡುವ ಹೊತ್ತಿಗೆ ತೂಬಿನ ಬಾಯಿ ಬರಿದಾಗಿ ಕೆಸರು ಕಾಣಿಸಿತು. ಕೊನೆಯ ಗದ್ದೆಗಳು ಮೊದಲು ಒಣಗಿದವು, ಆಮೇಲೆ ನಡುವಿನವು. ಏರಿಯ ಪಕ್ಕದ ಕೆಲವು ಗದ್ದೆಗಳಲ್ಲಿ ಮಾತ್ರ ಭತ್ತ ಕೈಗೆ ಸಿಕ್ಕಿತು. ಕೆರೆ ಬತ್ತಿದ ಕೆಲವೇ ದಿನಕ್ಕೆ ಏರಿಯ ಕೆಳಗಿನ ಊರ ಬಾವಿಗಳಲ್ಲೂ ನೀರು ತಳ ಸೇರಿತು. ದನಗಳಿಗೆ ಕುಡಿಸಲು ದೂರದಿಂದ ಹೊರಬೇಕಾಯಿತು.

ಊರು ಮತ್ತೆ ಏರಿಯ ಮೇಲೆ ಸೇರಿತು. ಲೆಕ್ಕದ ಪ್ರಕಾರ ನೀರಿತ್ತು. ಈಗ ಇಲ್ಲ. ಹಾಗಾದರೆ ಯಾರೋ ಬಿಟ್ಟುಕೊಂಡಿದ್ದಾರೆ. ತೂಬು ಯಾರ ಕೈಯಲ್ಲಿತ್ತು?

“ಏನ್ಲಾ ಪಿಳ್ಳ, ಕೆಳಗಿನ ಸೊಪ್ಪಿನ ತೋಟದೋರ ಹತ್ರ ಏನ್ ಇಸ್ಕೊಂಡೆ, ಹೇಳ್ಬಿಡು” ಎಂದರು ಚನ್ನರಾಯಪ್ಪ. ಆ ರೇಷ್ಮೆ ತೋಟಗಳಿಗೆ ಕೆರೆಯ ನೀರಿನ ಹಕ್ಕಿರಲಿಲ್ಲ. ಆದರೆ ಆ ಬೇಸಿಗೆಯಲ್ಲೂ ಅಲ್ಲಿ ಹಿಪ್ಪುನೇರಳೆ ಹಸಿರಾಗಿತ್ತು. ಅವರದು ಆಳದ ಬಾವಿ, ಅಷ್ಟೇ. ಅದನ್ನು ಯೋಚಿಸುವ ತಾಳ್ಮೆ ಯಾರಿಗೂ ಇರಲಿಲ್ಲ.

ಪಿಳ್ಳಪ್ಪನಿಗೆ ದುಃಖ ಬಂದರೆ ಕನ್ನಡ ಹೋಗಿ ತೆಲುಗು ಬರುತ್ತಿತ್ತು. “ನೇನು ತೀಯಲೇದಯ್ಯಾ, ನೇನು ತೀಯಲೇದು” — ನಾನು ತೂಬು ತೆಗೆಯಲಿಲ್ಲ, ತೆಗೆಯಲಿಲ್ಲ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿ ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿದರು.

“ಟೀಚರಮ್ಮಾ, ನೀವಾದ್ರೂ ಹೇಳ್ರಮ್ಮಾ. ಲೆಕ್ಕ ಹಾಕ್ದೋರು ನೀವು. ಆ ನೀರು ಎಲ್ಲೋಯ್ತು?”

ಎಲ್ಲರೂ ನನ್ನನ್ನು ನೋಡಿದರು. ಅಪ್ಪನೂ. ಉತ್ತರ ನನ್ನ ನಾಲಿಗೆಯ ಮೇಲಿತ್ತು. ಒಂದೇ ವಾಕ್ಯ —

“ಲೆಕ್ಕದಲ್ಲಿ ತಪ್ಪಿಲ್ಲ” ಎಂದೆ.

ಪಿಳ್ಳಪ್ಪ ಏರಿಯಿಳಿದು ಹೋದರು. ತೂಬಿನ ಕೆಲಸ ಅವರ ಕೈಬಿಟ್ಟಿತು. ಆ ಸುಗ್ಗಿಯಲ್ಲಿ ಬೆಳೆದವರೂ ಅವರಿಗೆ ಭತ್ತ ಅಳೆಯಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ನನಗೆ ತಡವಾಗಿ ಗೊತ್ತಾಯಿತು — ಅವರ ಹೆಂಡತಿ ಅಕ್ಕಯಮ್ಮನೂ ಅವರನ್ನು ನಂಬಲಿಲ್ಲ. ಸಿಕ್ಕಿದ್ದನ್ನು ಎಲ್ಲಿಟ್ಟಿದ್ದೀಯ ಎಂದು ಆಕೆ ಕೇಳಿದಳಂತೆ. ಪಿಳ್ಳಪ್ಪ ಒಂದು ಬೆಳಗ್ಗೆ ಬಸ್ಸು ಹತ್ತಿ ಮಾಲೂರಿಗೆ ಹೋಗಿ ಹೆಂಚಿನ ಗೂಡಿನಲ್ಲಿ ಕೂಲಿಗೆ ಸೇರಿದರು. ಹಬ್ಬಕ್ಕೆ ಬರುತ್ತಿದ್ದರು, ಬಂದು ಹೋಗುತ್ತಿದ್ದರು. ಏರಿಯ ದಾರಿಯಲ್ಲಿ ಬರುತ್ತಿರಲಿಲ್ಲ. ಹೊಲದ ಬದುಗಳ ಮೇಲೆ ಸುತ್ತಿಕೊಂಡು ಮನೆ ಸೇರುತ್ತಿದ್ದರು.

ನಾನು ಪಾಠ ಮಾಡುತ್ತಿದ್ದೆ. ಒಳ್ಳೆಯ ಟೀಚರು ಎಂದು ಹೆಸರೂ ಬಂತು. ಪ್ರತಿ ವರ್ಷ ಶಂಕುವಿನ ಪಾಠ ಬಂದಾಗ ಸೂತ್ರವನ್ನು ಬೋರ್ಡಿನ ಮೇಲೆ ಬರೆದು ಮುಗಿಸುತ್ತಿದ್ದೆ. ರಾಗಿ, ರಟ್ಟು ಏನನ್ನೂ ಒಯ್ಯುತ್ತಿರಲಿಲ್ಲ. ಯಾಕೆ ಮೂರನೇ ಒಂದು ಭಾಗ ಎಂದು ಯಾರಾದರೂ ಕೇಳಿದರೆ, ಸುಮ್ಮನೆ ಬರೆದುಕೊಳ್ಳಿ ಎನ್ನುತ್ತಿದ್ದೆ. ನಾನು — ಯಾಕೆ ಎಂದು ಕೇಳಿ ಎಂದು ಮಕ್ಕಳಿಗೆ ಹೇಳುತ್ತಿದ್ದವಳು.

ಎಂಬತ್ತರ ದಶಕ ಅರ್ಧ ಕಳೆದಿರಬೇಕು. ನಮ್ಮ ಸೀಮೆಯಲ್ಲೆಲ್ಲ ನೀಲಗಿರಿ ಹಬ್ಬುತ್ತಿತ್ತು. ಒಣ ಹೊಲ, ಗೋಮಾಳ, ಎಲ್ಲಿ ನೋಡಿದರೂ ನೆಟ್ಟಗೆ ಸಾಲು ಸಾಲು. ನಮ್ಮ ಕೆರೆಯ ಅಂಗಳದಲ್ಲೂ ನೀಲಗಿರಿ ಹಾಕುವ ಮಾತು ಎದ್ದಿತು. ಏರಿಯನ್ನು ಒಂದು ಕಡೆ ಒಡೆದು ನೀರು ನಿಲ್ಲದಂತೆ ಮಾಡುವುದು, ಅಂಗಳವನ್ನು ಪಾಲು ಮಾಡಿ ಗಿಡ ನೆಡುವುದು, ನೀರಿಗೆ ಬೋರ್‌ವೆಲ್ ಹಾಕಿಸುವುದು. ಮುಂದೆ ನಿಂತವರು ಚನ್ನರಾಯಪ್ಪನವರೇ.

“ಆ ಕೆರೆ ತೂತು ಕಣಪ್ಪ” ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. “ಪಿಳ್ಳನ ಕಾಲ ಬಿಡಿ, ಅವನು ಹೋದ್ಮೇಲೂ ಎರಡನೇ ಬೆಳೆಗೆ ನೀರು ನಿಂತಿಲ್ಲ. ಸರೋಜಮ್ಮನ ಲೆಕ್ಕದಷ್ಟು ಒಂದು ವರ್ಷವೂ ಸಿಕ್ಕಿಲ್ಲ. ತಳದಲ್ಲೇ ಎಲ್ಲೋ ಸೋರ್ತಾ ಐತೆ. ಅದನ್ನ ಇಟ್ಕೊಂಡು ಏನ್ ಮಾಡೋದು?”

ಆಗ ನನಗೆ ಪೂರ್ತಿ ಅರ್ಥವಾಯಿತು. ನನ್ನ ಸುಳ್ಳು ಒಬ್ಬ ಮನುಷ್ಯನನ್ನು ಊರು ಬಿಡಿಸಿ ಅಲ್ಲಿಗೇ ನಿಂತಿರಲಿಲ್ಲ. ಪ್ರತಿ ವರ್ಷವೂ ಊರು ಆ ಇಲ್ಲದ ನೀರನ್ನು ಕೆರೆಯಲ್ಲಿ ಹುಡುಕಿ, ಸಿಗದೆ, ಕೆರೆಯನ್ನೇ ಬೈಯುತ್ತಿತ್ತು. ಈಗ ಕೆರೆಯನ್ನೇ ಕೊಲ್ಲಲು ಹೊರಟಿತ್ತು.

ಕೆರೆ ಸೋರುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಸುಳ್ಳು ಹೇಳಿದ ಮೇಲೂ ಅಳೆಯುವುದನ್ನು ನಾನು ಬಿಟ್ಟಿರಲಿಲ್ಲ — ಅದೊಂದು ಚಟವೋ, ಪ್ರಾಯಶ್ಚಿತ್ತವೋ. ತೂಬಿನ ಬಳಿ ಕೆರೆಯ ಮಟ್ಟ, ಏರಿ ಕೆಳಗಿನ ಬಾವಿಗಳ ಮಟ್ಟ, ಎರಡನ್ನೂ ವರ್ಷಗಟ್ಟಲೆ ನೋಡುತ್ತಾ ಬಂದಿದ್ದೆ. ಗ್ರಾಫ್ ಕಾಗದದ ಮೇಲೆ ಎರಡು ಗೆರೆ ಎಳೆದು ಪಕ್ಕಪಕ್ಕ ಇಟ್ಟರೆ ಸ್ಪಷ್ಟ. ಕೆರೆಯ ಗೆರೆ ಏರಿದರೆ ಸ್ವಲ್ಪ ದಿನಕ್ಕೆ ಬಾವಿಯ ಗೆರೆಯೂ ಏರುತ್ತಿತ್ತು. ಕೆರೆ ಇಳಿದರೆ ಬಾವಿ ಹಿಂದೆಯೇ ಇಳಿಯುತ್ತಿತ್ತು. ಕೆರೆಯಿಂದ ನೆಲಕ್ಕೆ ಇಂಗುವ ನೀರು ಪೋಲಾಗುತ್ತಿರಲಿಲ್ಲ. ಊರು ಕುಡಿಯುತ್ತಿದ್ದದ್ದೇ ಅದನ್ನು. ಕೆರೆ ಹೋದರೆ ಬಾವಿಗಳು ಹೋಗುತ್ತವೆ, ಹಾಕಿಸುವ ಬೋರ್‌ವೆಲ್ಲೂ ಒಂದು ದಿನ ಹೋಗುತ್ತದೆ. ಇದನ್ನು ಊರಿಗೆ ತೋರಿಸಬೇಕಿತ್ತು. ಆದರೆ ಯಾವ ಬಾಯಲ್ಲಿ? ಈ ಗೆರೆ ಸರಿ ಎಂದರೆ ಆ ಲೆಕ್ಕ ತಪ್ಪು. ಆ ಲೆಕ್ಕ ಸರಿ ಎಂದರೆ ಕೆರೆ ತೂತು. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಗಣಿತದಲ್ಲಿ ಹಾಗೆ ಅರ್ಧ ಸುಳ್ಳು ಇಟ್ಟುಕೊಂಡು ಮುಂದಕ್ಕೆ ಹೋಗಲು ಬರುವುದಿಲ್ಲ.

ಊರಿಗೆ ಹೇಳುವ ಮೊದಲು ಹೇಳಬೇಕಾದವರು ಬೇರೆ ಇದ್ದರು. ಸ್ಕೂಲಿಗೆ ರಜೆ ಹಾಕಿ ಕೋಲಾರಕ್ಕೆ ಹೋಗಿ ಮಾಲೂರಿನ ಬಸ್ಸು ಹಿಡಿದೆ.

ಗೂಡಿನ ಸುತ್ತ ನೆಲ, ಗೋಡೆ, ಗಿಡದ ಎಲೆ ಎಲ್ಲವೂ ಕೆಂಪು. ಪಿಳ್ಳಪ್ಪ ಹಸಿ ಹೆಂಚುಗಳನ್ನು ಒಣಗಲು ಜೋಡಿಸುತ್ತಿದ್ದರು. ತಲೆಗೆ ಕಟ್ಟಿದ ಬಟ್ಟೆಯೂ ಕೆಂಪಾಗಿತ್ತು. ನನ್ನನ್ನು ಕಂಡು ಗಾಬರಿಯಾದರು.

“ಏನಮ್ಮಾ, ಅಕ್ಕಯಮ್ಮಂಗೆ ಏನಾದ್ರೂ...?”

“ಇಲ್ಲ, ಎಲ್ಲ ಚೆನ್ನಾಗಿದ್ದಾರೆ. ನಿಮ್ಮ ಹತ್ತಿರ ಮಾತಾಡ್ಬೇಕಿತ್ತು” ಎಂದೆ. ಬಹುವಚನ ಬಾಯಿಗೆ ತಾನಾಗಿ ಬಂತು. ಅವರು ಅದನ್ನು ಗಮನಿಸಿದರೋ ಇಲ್ಲವೋ ಗೊತ್ತಿಲ್ಲ. ರಸ್ತೆ ಬದಿಯ ಅಂಗಡಿಯಲ್ಲಿ ಟೀ ಹೇಳಿದರು. ನನಗೆ ಬೆಂಚು ಕೊಟ್ಟು ತಾವು ಕಲ್ಲಿನ ಮೇಲೆ ಕೂತರು.

“ಆವತ್ತಿನ ಲೆಕ್ಕ ತಪ್ಪಾಗಿತ್ತು” ಎಂದೆ. “ಕೆರೇಲಿ ಅಷ್ಟು ನೀರು ಇರಲೇ ಇಲ್ಲ.”

ಬೈಯುತ್ತಾರೆ ಎಂದುಕೊಂಡೆ. ಅವರ ಬಾಯಿಂದ ಬಂದದ್ದು ನಾನು ನಿರೀಕ್ಷಿಸಿದ ಯಾವ ಮಾತೂ ಅಲ್ಲ.

“ಹಂಗಾದ್ರೆ... ತೂಬು ನಾನು ಸರಿಯಾಗೇ ಮುಚ್ಚಿದ್ದೆ ಅನ್ನಿ.”

“ಅಂದ್ರೆ?”

“ನಾನು ಯಾರಿಗೂ ನೀರು ಬಿಡ್ಲಿಲ್ಲ, ಅದು ನಂಗೆ ಗೊತ್ತು. ಆದ್ರೆ ಲೆಕ್ಕ ಸರಿಯಿದ್ದು ನೀರು ಹೋಗೈತೆ ಅಂದ್ರೆ, ನಾನು ಮುಚ್ಚಿದ್ದು ಸರಿಯಾಗಿ ಕೂತಿರ್ಲಿಲ್ವೇನೋ, ಸಂದಿಯಲ್ಲಿ ಹರಿದೋಯ್ತೇನೋ... ಊರ ಬೆಳೆ ನನ್ನಿಂದ್ಲೇ ಒಣಗ್ತೇನೋ ಅಂತ.” ಎದೆಯ ಮೇಲೆ ಕೈಯಿಟ್ಟುಕೊಂಡರು. “ಅದೇ ಇಲ್ಲಿ ಕೂತಿತ್ತಮ್ಮಾ. ಕೆರೆ ಕಡೆ ಮುಖ ಹಾಕಕ್ಕಾಗ್ತಿರ್ಲಿಲ್ಲ.”

ನಿಜ ಹೇಳುತ್ತೇನೆ — ನಾನು ಅವರ ಮೇಲೆ ಕಳ್ಳತನ ಮಾತ್ರ ಹೊರಿಸಿದ್ದೇನೆ ಎಂದುಕೊಂಡಿದ್ದೆ. ಇದು ನನ್ನ ಊಹೆಗೇ ಬಂದಿರಲಿಲ್ಲ.

ಅವರ ಮುಖ ಸಡಿಲವಾಗುತ್ತಾ ಬಂತು. ನಗು ಕೂಡ ಬಂತು. “ಹೋಗ್ಲಿ ಬಿಡಿ ಟೀಚರಮ್ಮ. ಲೆಕ್ಕ ಅಂದ್ಮೇಲೆ ತಪ್ಪಾಯ್ತದೆ. ಯಾರಿಗಾಗಲ್ಲ?” ಎಂದರು.

ಅಲ್ಲಿಗೆ ಎದ್ದುಬಿಡಬಹುದಿತ್ತು. ಅವರು ಕ್ಷಮಿಸಿ ಆಗಿತ್ತು. ಆದರೆ ಅವರು ಕ್ಷಮಿಸಿದ್ದು ತಪ್ಪು ಲೆಕ್ಕವನ್ನು. ನಾನು ಮಾಡಿದ್ದು —

“ತಪ್ಪು ಅಂತ ನನಗೆ ಮೊದಲೇ ಗೊತ್ತಾಗಿತ್ತು” ಎಂದೆ.

“ಯಾವಾಗ?”

“ನಾಟಿಗೆ ಮುಂಚೆ.”

“ಏರಿ ಮ್ಯಾಲೆ ನಾನು ಕೇಳ್ದಾಗ?”

“ಆಗಲೂ ಗೊತ್ತಿತ್ತು.”

ಪಿಳ್ಳಪ್ಪ ಗ್ಲಾಸನ್ನು ಕೆಳಗಿಟ್ಟರು. ಎದ್ದು, ನನ್ನ ಕಡೆ ನೋಡದೆ, ಗೂಡಿಗೆ ಹೋಗಿ ಹೆಂಚು ಜೋಡಿಸತೊಡಗಿದರು. ನಾನು ಬಿಸಿಲಿನಲ್ಲಿ ನಿಂತೆ. ಹೋಗಿ ಎಂದು ಅವರು ಹೇಳಲಿಲ್ಲ. ಹಿಂತಿರುಗುವ ಒಂದು ಬಸ್ಸು ನನ್ನ ಎದುರೇ ಹೋಯಿತು. ಆ ಸಾಲು ಮುಗಿದ ಮೇಲೆ ಅವರು ಕೈ ಒರೆಸಿಕೊಳ್ಳುತ್ತಾ ಬಂದರು.

“ಇದನ್ನ ನಂಗೆ ಹೇಳಿ ಏನ್ ಬಂತು? ಊರಿಗೆ ಹೇಳಿ. ಈಗ ಹೇಳಿದ್ರಲ್ಲ, ಹಿಂಗೇ, ಎರಡನೇದೂ ಬಿಡದಂಗೆ ಹೇಳಿ. ಅಕ್ಕಯಮ್ಮ ಅಲ್ಲಿರಬೇಕು. ನಾನೂ ಬರ್ತೀನಿ.”

ಊರು ಏರಿಯ ಮೇಲೆ ಸೇರುವ ಹಿಂದಿನ ದಿನವೇ ಅಪ್ಪನಿಗೆ ಹೇಳಿದೆ. ಅವರು ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದರು. “ಲೇ, ತಪ್ಪಾಯ್ತು ಅಂತ ಹೇಳು ಸಾಕು. ಮೊದಲೇ ಗೊತ್ತಿತ್ತು ಅಂತ ಯಾಕ್ ಹೇಳ್ತೀಯ?” ಎಂದರು. ಅವರು ಮಾರನೆಯ ದಿನ ಏರಿಗೆ ಬರಲಿಲ್ಲ.

ಪಿಳ್ಳಪ್ಪ ಬಂದಿದ್ದರು. ಅಕ್ಕಯಮ್ಮ ಹೆಂಗಸರ ಹಿಂದೆ ಸೆರಗು ಹಿಡಿದು ನಿಂತಿದ್ದಳು. ನೀಲಗಿರಿಯ ಮಾತು ಮುಗಿಸಲು ಊರು ಸೇರಿತ್ತು. ನಾನು ಎದ್ದು, ಮೊದಲು ಪಿಳ್ಳಪ್ಪನವರ ಹೆಸರು ಹೇಳಿ, ಎಲ್ಲವನ್ನೂ ಹೇಳಿದೆ. ಅರ್ಧ ಹಿಡಿದದ್ದು, ಮೂರನೇ ಒಂದು ಭಾಗ ಹಿಡಿಯಬೇಕಾದದ್ದು, ಯಾವ ದಿನ ಗೊತ್ತಾಯಿತು, ಯಾರ ಜಗಲಿಯಿಂದ ತಿರುಗಿ ಬಂದೆ, ಇದೇ ಜಾಗದಲ್ಲಿ ನಿಂತು ಯಾವ ಮಾತು ಆಡಿದೆ — ಯಾವುದನ್ನೂ ಬಿಡಲಿಲ್ಲ. ಹೇಳುತ್ತಾ ಹೋದಂತೆ ಉಸಿರು ಸಲೀಸಾಗುತ್ತಿತ್ತು, ಅದೂ ನಿಜ.

ಗಲಾಟೆಯಾಯಿತು. ಬೆಳೆ ಕಳೆದುಕೊಂಡಿದ್ದ ಒಬ್ಬರು ನನ್ನ ಮುಂದೆ ಬಂದು ಮಣ್ಣು ತೂರಿ ಬೈದರು. ಬೈಯಬೇಕಾದ್ದೇ. ಚನ್ನರಾಯಪ್ಪನವರು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಮೆಲ್ಲಗೆ, “ಕಳ್ಳ ಅಂದಿದ್ದು ನಾನು” ಎಂದರು. ಪಿಳ್ಳಪ್ಪನವರ ಕಡೆ ಎರಡೂ ಕೈ ಎತ್ತಿ ಮುಗಿದರು. ಪಿಳ್ಳಪ್ಪ ಅದನ್ನು ನೋಡಿದರು. ಆದರೆ ಅವರು ನಡೆದುಹೋದದ್ದು ಹೆಂಗಸರ ಕಡೆಗೆ.

ಅಕ್ಕಯಮ್ಮ ಗಂಡನ ಮುಖ ನೋಡಿ ಹೇಳಿದ ಮಾತು ನನಗೂ ಕೇಳಿಸಿತು. “ನಾನೂ ಊರಿನೋರ ಜತೆ ಸೇರ್ಕೊಂಬಿಟ್ಟೆ ಕಣಯ್ಯಾ.” ಆಮೇಲೆ ಆಕೆ ಅಳುತ್ತಾ ನನ್ನ ಕಡೆ ತಿರುಗಿದಳು. ಶಾಪ ಹಾಕುತ್ತಾಳೆ ಎಂದುಕೊಂಡೆ. “ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?” ಎಂದಳು. ಅಷ್ಟೇ.

ಆ ದಿನ ಮನೆಗೆ ಬಂದು ಹೊಟ್ಟೆ ತುಂಬ ಮುದ್ದೆ ಉಂಡೆ. ಅಮ್ಮ ಆಶ್ಚರ್ಯದಿಂದ ನೋಡುತ್ತಿದ್ದಳು. ಕೆಟ್ಟ ಹೆಸರು ಬಂದಾಗಿತ್ತು, ಅಪ್ಪ ಮಾತಾಡುತ್ತಿರಲಿಲ್ಲ, ಆದರೆ ಎಷ್ಟೋ ವರ್ಷಗಳ ಮೇಲೆ ಮುದ್ದೆ ಸಾರು ಅವುಗಳದೇ ರುಚಿಯಲ್ಲಿತ್ತು.

ಬೇಸಿಗೆಯಲ್ಲಿ ಅಂಗಳ ಒಣಗಿದಾಗ ಊರೇ ಸೇರಿ ಕೆರೆಯನ್ನು ಅಳೆಯಿತು. ನನ್ನ ಮಾತನ್ನು ನಂಬಬೇಡಿ, ನೀವೇ ಹಗ್ಗ ಹಿಡಿಯಿರಿ ಎಂದಿದ್ದೆ. ಗೂಟ ನೆಟ್ಟು, ಅಂಗಳವನ್ನು ಅಡ್ಡಡ್ಡ ಹೋಳುಗಳಾಗಿ ಮಾಡಿ, ಒಂದೊಂದು ಹೋಳಿನ ಆಳವನ್ನೂ ನೋಡಿ ಕೂಡಿಸಿದೆವು. ಹೂಳು ತುಂಬಿದ್ದರಿಂದ ಮೂರನೇ ಒಂದು ಭಾಗ ಎಂದು ನಾನು ಅಂದುಕೊಂಡದ್ದಕ್ಕಿಂತಲೂ ಕಡಿಮೆ ಬಂತು. ಚನ್ನರಾಯಪ್ಪನವರು ಬಾವಿಯ ಗೆರೆ, ಕೆರೆಯ ಗೆರೆ ಎರಡರ ಮೇಲೂ ಬೆರಳಾಡಿಸಿ, ಕೆರೆ ಏರಿದರೆ ಬಾವಿಯೂ, ಕೆರೆ ಇಳಿದರೆ ಬಾವಿಯೂ ಎಂದು ತಾವೇ ಹೇಳಿಕೊಂಡರು. ಕೆರೆ ತೂತಲ್ಲ, ನಾವು ಅದರ ಶಕ್ತಿಗೆ ಮೀರಿ ಕೇಳುತ್ತಿದ್ದೆವು ಎಂಬುದು ಎಲ್ಲರಿಗೂ ಕಣ್ಣಿಗೆ ಕಟ್ಟಿದಂತಾಯಿತು. ಏರಿ ಒಡೆಯುವ ಮಾತು ನಿಂತಿತು. ಅಂಗಳಕ್ಕೆ ನೀಲಗಿರಿ ಬರಲಿಲ್ಲ. ತೂಬಿನ ಕಲ್ಲಿನ ಮೇಲೆ ಗೆರೆಗಳನ್ನು ಕೆತ್ತಿಸಿದರು. ಈ ಗೆರೆಯಲ್ಲಿ ನೀರಿದ್ದರೆ ಭತ್ತ, ಇದಕ್ಕಿಂತ ಕೆಳಗಿದ್ದರೆ ರಾಗಿ. ಎಲ್ಲಕ್ಕಿಂತ ಕೆಳಗಿನ ಗೆರೆ ಮುಟ್ಟಿದರೆ ತೂಬು ತೆಗೆಯುವಂತಿಲ್ಲ. ಉಳಿದದ್ದು ದನಕರುಗಳಿಗೆ, ಹಕ್ಕಿಗಳಿಗೆ, ನೆಲಕ್ಕೆ.

ಪಿಳ್ಳಪ್ಪನವರನ್ನು ಮತ್ತೆ ನೀರುಗಂಟಿಯಾಗಿ ಬಾ ಎಂದು ಊರು ಕರೆಯಿತು. ಅವರು ಒಪ್ಪಲಿಲ್ಲ. ಗೂಡಿನ ಕೆಲಸ ಒಗ್ಗಿದೆ ಎಂದರು. ಅಕ್ಕಯಮ್ಮ ಕೂಡ ಅವರೊಂದಿಗೆ ಮಾಲೂರಿಗೆ ಹೋದಳು. ಗಂಡ ಹೆಂಡತಿ ಬಸ್ಸು ಹತ್ತಿದ್ದನ್ನು ದೂರದಿಂದ ನೋಡಿದೆ. ಬೇರೆ ಬೇರೆಯಾಗಿ ಅವರು ಕಳೆದ ಆ ವರ್ಷಗಳನ್ನು ಯಾವ ಲೆಕ್ಕವೂ ತಂದುಕೊಡುವುದಿಲ್ಲ. ನನ್ನನ್ನು ಕ್ಷಮಿಸಿದ್ದೇನೆ ಎಂದು ಎರಡನೇ ಸಲ ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಒಂದೆರಡು ವರ್ಷ ಕಳೆದಿರಬಹುದು. ಸಂಕ್ರಾಂತಿಗೆ ಊರಿಗೆ ಬಂದವರು ನಮ್ಮ ಮನೆಯ ಮುಂದೆ ನಿಂತರು. ಸುತ್ತು ದಾರಿಯಲ್ಲಲ್ಲ, ನೆಟ್ಟಗೆ ಬಂದಿದ್ದರು. ಜಗಲಿಯ ಮೇಲೆ ಕೂರಿ ಎಂದೆ. ಕೂತರು. ಹಬ್ಬದ ಎಳ್ಳು ಬೆಲ್ಲ ಕೊಟ್ಟೆ. ಬಾಯಿಗೆ ಹಾಕಿಕೊಂಡು, ಮಳೆಯ ಮಾತು, ಮಾಲೂರಿನ ಮಾತು ಒಂದಷ್ಟು ಆಡಿ, ಏನೋ ನೆನಪಾದವರಂತೆ ಕೇಳಿದರು:

“ಈ ಸಲ ಕೆರೆ ಹೆಂಗೈತೆ ಟೀಚರಮ್ಮ? ಎಷ್ಟು ನೀರಿರ್ಬೋದು?”

ಅಂಕಿ ನನ್ನ ಬಾಯಲ್ಲೇ ಇತ್ತು. ಹಿಂದಿನ ದಿನವಷ್ಟೇ ನೋಡಿಕೊಂಡು ಬಂದಿದ್ದೆ. ಆದರೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, “ಬನ್ನಿ, ಹೋಗಿ ನೋಡ್ಕೊಂಡು ಬರೋಣ” ಎಂದೆ.